ರಾತ್ರಿ ಏರ್ ಇಳಿಯುತ್ತೆ, ಘಾಟಲ್ಲಿ ಬಜರ್ ಹೊಡೆಯುತ್ತೆ: ಕಂಪ್ರೆಸರ್ ಹೋಗಿದೆಯಾ?

ಮುಳಬಾಗಿಲು ರೋಡ್:
ಆರು ಚಕ್ರದ ಲಾರಿ, ಪೂರ್ತಿ ಏರ್ ಬ್ರೇಕ್, ಬ್ರೇಕ್ ಸಡಿಲ ಆದರೆ ಕೈಯಲ್ಲಿ ಟೈಟ್ ಮಾಡೋ ಅಡ್ಜಸ್ಟರ್. ಕೋಲಾರ ಎಪಿಎಂಸಿಯಿಂದ ಟೊಮ್ಯಾಟೊ ತುಂಬಿಕೊಂಡು ನಂಗಲಿ, ಪಲಮನೇರು ಮೇಲೆ ಚೆನ್ನೈಗೆ ಓಡುತ್ತೆ. ರಾತ್ರಿ ಹ್ಯಾಂಡ್‌ಬ್ರೇಕ್ ಹಾಕಿ 8 ಬಾರ್‌ಗೆ ನಿಲ್ಲಿಸಿದರೆ ಬೆಳಗ್ಗೆ ಹಿಂದಿನ ಬ್ರೇಕಿನ ಏರ್ ಒತ್ತಡ ತೋರಿಸೋ ಮುಳ್ಳು 3ಕ್ಕೆ ಬಂದಿರುತ್ತೆ, ಮುಂದಿನದು ಅಷ್ಟು ಇಳಿಯಲ್ಲ. ಹ್ಯಾಂಡ್‌ಬ್ರೇಕ್ ಬಿಟ್ಟರೆ ರಿಲೇ ವಾಲ್ವ್ (ಹಿಂದಿನ ಬ್ರೇಕಿಗೆ ಏರ್ ಬಿಡೋ ವಾಲ್ವ್) ಕೆಳಗೆ ಸುಯ್ ಅನ್ನುತ್ತೆ, ಹಾಕಿದರೆ ನಿಲ್ಲುತ್ತೆ. ಮೊಗಿಲಿ ಘಾಟಲ್ಲಿ ನಾಲ್ಕೈದು ಸಲ ಪೆಡಲ್ ಒತ್ತಿದರೆ ಏರ್ ಕಡಿಮೆ ಅಂತ ಬಜರ್. ಟ್ಯಾಂಕ್ ಡ್ರೈನ್ ಎಳೆದರೆ ಹಾಲಿನಂಥ ನೀರು. ಕಂಪ್ರೆಸರ್ ಬದಲಾಯಿಸು ಅಂತಿದ್ದಾರೆ. ಬೇಕಾ?

ಏರ್‌ಲೈನ್ ಮೇಸ್ತ್ರಿ:
ಆತುರ ಬೇಡ ಅಣ್ಣ, ನೀವು ಹೇಳಿದ್ದರಲ್ಲೇ ಎರಡು ಬೇರೆ ಬೇರೆ ಲೀಕ್ ಇವೆ.

ಹ್ಯಾಂಡ್‌ಬ್ರೇಕ್ ಬಿಟ್ಟಾಗ ಮಾತ್ರ ರಿಲೇ ವಾಲ್ವ್ ಎಕ್ಸಾಸ್ಟಲ್ಲಿ ಏರ್ ಬಂದರೆ ಎಲ್ಲರೂ ರಿಲೇ ವಾಲ್ವನ್ನೇ ಬಿಚ್ಚುತ್ತಾರೆ. ಸಾಮಾನ್ಯವಾಗಿ ಅದರ ತಪ್ಪಿರಲ್ಲ. ಹಿಂದಿನ ಬೂಸ್ಟರಲ್ಲಿ (ಚಕ್ರದ ಹತ್ತಿರ ಬ್ರೇಕ್ ತಳ್ಳೋ ಏರ್ ಡಬ್ಬ) ಎರಡು ಕೋಣೆ: ಒಂದು ಹ್ಯಾಂಡ್‌ಬ್ರೇಕಿನ ಸ್ಪ್ರಿಂಗನ್ನ ಏರಲ್ಲಿ ಹಿಡಿದಿಡೋಕೆ, ಒಂದು ಪೆಡಲ್ ಬ್ರೇಕಿಗೆ. ನಡುವಿನ ಸೀಲ್ ಸವೆದರೆ ಸ್ಪ್ರಿಂಗ್ ಕಡೆಯ ಏರ್ ಪೆಡಲ್ ಕಡೆಗೆ ನುಗ್ಗಿ, ಪೈಪಲ್ಲಿ ವಾಪಸ್ ಬಂದು ರಿಲೇ ವಾಲ್ವಲ್ಲಿ ಹೊರಗೆ ಹೋಗುತ್ತೆ. ಚಕ್ರಕ್ಕೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಒಂದು ಬೂಸ್ಟರಿನ ಪೆಡಲ್ ಕಡೆಯ ಪೈಪ್ ಬಿಚ್ಚಿ. ಆಮೇಲೆ ಹ್ಯಾಂಡ್‌ಬ್ರೇಕ್ ಬಿಟ್ಟು ನೋಡಿ. ಬೂಸ್ಟರಿನ ಆ ತೂತಲ್ಲಿ ಏರ್ ಬಂದರೆ ಅದೇ ಕಳ್ಳ. ಬರದಿದ್ದರೆ ಇನ್ನೊಂದು ಕಡೆಯ ಬೂಸ್ಟರನ್ನೂ ಹೀಗೇ ನೋಡಿ.

ರಾತ್ರಿ ಇಳಿಯೋದಕ್ಕೆ ಇದು ಕಾರಣ ಅಲ್ಲ. ಹ್ಯಾಂಡ್‌ಬ್ರೇಕ್ ಹಾಕಿದರೆ ಆ ಕೋಣೆ ಖಾಲಿಯಾಗಿಬಿಡುತ್ತೆ, ಲೀಕ್ ಆಗೋಕೆ ಏರೇ ಇರಲ್ಲ. ಹಿಂದಿನ ಮುಳ್ಳೊಂದೇ ಇಳಿದರೆ ಹಿಂದಿನ ಟ್ಯಾಂಕು, ಅದರ ಡ್ರೈನ್ ವಾಲ್ವ್, ಅಲ್ಲಿಂದ ಫುಟ್ ವಾಲ್ವಿಗೆ (ಬ್ರೇಕ್ ಪೆಡಲಿನ ವಾಲ್ವ್) ಹೋಗೋ ಪೈಪಿನ ಜಾಯಿಂಟ್‌ಗಳಿಗೆ ಸೋಪು ನೀರು ಹಚ್ಚಿ. ಡ್ರೈನ್ ವಾಲ್ವಲ್ಲಿ ಕಸ ಕೂತಿರೋದೇ ಹೆಚ್ಚು.

ರಿಪೇರಿ ಆದಮೇಲೆ ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು ನೋಡಿ: ನಿಮಿಷಕ್ಕೆ 0.15 ಬಾರ್‌ಗಿಂತ ಹೆಚ್ಚು ಇಳಿಯಬಾರದು. ಪೆಡಲ್ ಒತ್ತಿ ಹಿಡಿದರೆ 0.2. ಗೇಜಲ್ಲಿ ಇಷ್ಟು ಸಣ್ಣದು ಕಾಣಲ್ಲ, ಅದಕ್ಕೆ ಐದು ನಿಮಿಷ ಕೂತು ನೋಡಿ ಭಾಗಿಸಿ.

ಡ್ರಮ್ ಲೈನರ್:
ಘಾಟಿನ ಬಜರಿಗೆ ಆ ಸೀಲ್ ಒಂದೇ ಸಾಲದು, ಬ್ರೇಕ್ ಲೂಸ್ ಇರಬೇಕು. ಪುಶ್‌ರಾಡ್ (ಬೂಸ್ಟರಿಂದ ಬ್ರೇಕ್ ತಳ್ಳೋ ರಾಡ್) ಎಷ್ಟು ಉದ್ದ ಹೊರಗೆ ಬರುತ್ತೋ ಒಂದೊಂದು ಒತ್ತಿಗೂ ಅಷ್ಟು ಹೆಚ್ಚು ಏರ್ ಖರ್ಚು. ಗೇಜಲ್ಲಿ 8 ಇದ್ದರೂ ರಾಡ್ ತನ್ನ ತುದಿ ಮುಟ್ಟಿದ್ದರೆ ಶೂಗೆ ಬಲ ಹೋಗಲ್ಲ.

ಅಳೆಯೋದು ಹೀಗೆ: ಗಾಡಿ ತಣ್ಣಗಿರಲಿ, ಅಡ್ಡ ಕೊಡಿ, ಹ್ಯಾಂಡ್‌ಬ್ರೇಕ್ ಬಿಡಿ, ಇಂಜಿನ್ ಆಫ್. ಬೂಸ್ಟರಿನ ಬಾಯಿ ಹತ್ತಿರ ರಾಡಿಗೆ ಚಾಕ್‌ಪೀಸ್ ಗೆರೆ. ಕ್ಯಾಬಿನ್‌ನಲ್ಲಿ ಒಬ್ಬರು 6ರಿಂದ 7 ಬಾರ್ ಇರುವಾಗ ಪೆಡಲ್ ಪೂರ್ತಿ ಒತ್ತಲಿ. ಗೆರೆ ಎಷ್ಟು ಮುಂದೆ ಬಂತು? 24ರ ಸೈಜಿನ ಬೂಸ್ಟರಾದರೆ 44 ಮಿಮೀ, 30ರದಾದರೆ 51 ಮಿಮೀ ಕೊನೆ. ಅಲ್ಲಿಗೆ ಬರೋ ತನಕ ಕಾಯಬೇಡಿ. ಬೂಸ್ಟರಲ್ಲಿ 24/30 ಅಂತಿದ್ದರೆ ಮೊದಲನೆಯದು ಪೆಡಲ್ ಕಡೆಯದು.

ಅಡ್ಜಸ್ಟರಿನ ನಟ್ ತಿರುಗಿಸುವಾಗ ಶೂ ಅಗಲಿಸೋ ಕ್ಯಾಮ್ ಶಾಫ್ಟ್ ಬ್ರೇಕ್ ಹಿಡಿಯೋ ದಿಕ್ಕಿಗೇ ಹೋಗಬೇಕು. ಶೂ ಡ್ರಮ್ಮಿಗೆ ತಾಗಿದ ಮೇಲೆ ನಟ್ಟನ್ನ ಕಾಲು ಸುತ್ತಿನಿಂದ ಅರ್ಧ ಸುತ್ತಿನವರೆಗೆ ವಾಪಸ್. ಘಾಟ್ ಇಳಿದ ಬಿಸಿಯಲ್ಲಿ ಟೈಟ್ ಮಾಡಬೇಡಿ. ಹಿಗ್ಗಿದ ಡ್ರಮ್ ತಣ್ಣಗಾಗಿ ಕುಗ್ಗಿದರೆ ಶೂ ಹಿಡ್ಕೊಂಡೇ ಓಡುತ್ತೆ. ಆಟೋ ಅಡ್ಜಸ್ಟರ್ ಇರೋರು ಇದನ್ನ ಅಭ್ಯಾಸ ಮಾಡ್ಕೋಬೇಡಿ: ಅದು ಪದೇ ಪದೇ ಲೂಸ್ ಆದರೆ ಕ್ಯಾಮ್ ಬುಷ್ಷೋ ಪಿನ್ನೋ ಸವೆದಿರುತ್ತೆ.

ಮುಳಬಾಗಿಲು ರೋಡ್:
ಹಾಲಿನಂಥ ನೀರು? ಮತ್ತೆ, ದಾರಿಯಲ್ಲಿ ಬೂಸ್ಟರ್ ಕೈ ಕೊಟ್ಟರೆ ಬೋಲ್ಟ್ ಹಾಕಿ ಸ್ಪ್ರಿಂಗ್ ಎಳೆದು ಲೋಡ್ ತಲುಪಿಸಬಹುದಾ?

ಏರ್‌ಲೈನ್ ಮೇಸ್ತ್ರಿ:
ನೀರಿಗೆ ಆಯಿಲ್ ಬೆರೆತರೆ ಆ ಬಣ್ಣ. ಏರಿನ ತೇವ ಹೀರೋ ಡ್ರೈಯರ್ ಕಾರ್ಟ್ರಿಜ್ ಮುಗಿದಿದೆ. ಆಯಿಲ್ ಹೆಚ್ಚಿದ್ದರೆ ಮೊದಲು ಏರ್ ಫಿಲ್ಟರ್ ನೋಡಿ, ಅದು ಕಟ್ಟಿಕೊಂಡರೆ ಕಂಪ್ರೆಸರ್ ಆಯಿಲ್ ಎಳೆಯುತ್ತೆ. ಕಂಪ್ರೆಸರಿನಿಂದ ಹೊರಡೋ ಪೈಪಲ್ಲಿ ಕಾರ್ಬನ್ ಕೂತಿದೆಯಾ ಅಂತಲೂ ನೋಡಿ. ಫಿಲ್ಟರ್, ಕಾರ್ಟ್ರಿಜ್ ಹೊಸದಾದ ಮೇಲೂ ಟ್ಯಾಂಕಲ್ಲಿ ಆಯಿಲ್ ಬಂದರೆ ಆಗ ಕಂಪ್ರೆಸರ್ ರಿಂಗ್ ಮಾತು.

ಬೋಲ್ಟ್ ಇರೋದು ಗಾಡಿಯನ್ನ ಪಕ್ಕಕ್ಕೆ ಎಳೆಯೋಕೆ, ಲೋಡ್ ತಲುಪಿಸೋಕಲ್ಲ. ಹಾಕೋ ಮೊದಲು ಚಕ್ರಕ್ಕೆ ಅಡ್ಡ ಕೊಡಿ, ಬೋಲ್ಟ್ ಹಾಕಿದರೆ ಆ ಕಡೆ ಹ್ಯಾಂಡ್‌ಬ್ರೇಕ್ ಹಿಡಿಯಲ್ಲ. ಸ್ಪ್ರಿಂಗ್ ಕಡೆಯ ಕ್ಲ್ಯಾಂಪ್ ಮಾತ್ರ ಯಾವತ್ತೂ ಬಿಚ್ಚಬೇಡಿ: ಒಳಗೆ ಅರ್ಧ ಟನ್ನಿಗೂ ಮೀರಿದ ಒತ್ತಡದಲ್ಲಿ ಸ್ಪ್ರಿಂಗ್ ಕೂತಿದೆ, ಮುಚ್ಚಳ ಗುಂಡಿನ ಹಾಗೆ ಹಾರುತ್ತೆ.

ಘಾಟ್ ಗೇರ್:
ಇಳಿಜಾರು ಶುರುವಾಗೋ ಮೊದಲೇ ಗೇರ್ ಇಳಿಸಿ, ಎಕ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗೆ ತಡೆದು ಗಾಡಿ ನಿಧಾನ ಮಾಡೋದು) ಹಾಕಿ. ನ್ಯೂಟ್ರಲಲ್ಲಿ ಬಿಟ್ಟರೆ ಇಂಜಿನ್ ಹಿಡಿತವೂ ಇಲ್ಲ, ಆರ್‌ಪಿಎಂ ಬಿದ್ದು ಕಂಪ್ರೆಸರ್ ಏರ್ ತುಂಬೋದೂ ನಿಧಾನ. ಗಾಡಿ ವೇಗ 40ಕ್ಕೆ ಬಂದಾಗ ಗಟ್ಟಿಯಾಗಿ ಒತ್ತಿ 30ಕ್ಕೆ ಇಳಿಸಿ, ಪೂರ್ತಿ ಬಿಡಿ, ಮತ್ತೆ 40ಕ್ಕೆ ಬಂದರೆ ಒತ್ತಿ. ಪಂಪ್ ಹೊಡೆದ ಹಾಗೆ ಒತ್ತಬೇಡಿ. ಬಜರ್ ಬಂದರೆ ಇನ್ನೂ ಏರ್ ಇರುವಾಗಲೇ ಪಕ್ಕಕ್ಕೆ ನಿಲ್ಲಿಸಿ. ಲೈನರ್ ವಾಸನೆ ಬರ್ತಿದ್ದರೆ ನಿಂತ ಮೇಲೆ ಚಕ್ರಕ್ಕೆ ಅಡ್ಡ ಕೊಟ್ಟು, ಡ್ರಮ್ ಆರಿದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ.