ಜೆನೊಫೊರಾ ಚಿಪ್ಪಿನ ಮೇಲಿನ ತುಣುಕುಗಳು: ಹುಳು ಅಂಟಿಸಿದ್ದೋ, ಮನುಷ್ಯರು ಅಂಟಿಸಿದ್ದೋ?

ಪ್ರಶ್ನೆ:
ಜೆನೊಫೊರಾ ಪ್ಯಾಲಿಡುಲಾ ಜಾತಿಯ ಕಡಲ ಬಸವನಹುಳುವಿನ ಚಿಪ್ಪೊಂದಿದೆ. ಮೈಮೇಲೆಲ್ಲ ಸಣ್ಣ ಶಂಖ, ಕಪ್ಪೆಚಿಪ್ಪು, ಹವಳದ ಚೂರು. ಒಂದು ಶಂಖ ಕಳಚಿ ಬಂದಿದೆ. ಇವನ್ನು ಹುಳುವೇ ಅಂಟಿಸಿಕೊಂಡಿತ್ತೋ, ಯಾರಾದರೂ ಗೋಂದು ಹಾಕಿದ್ದೋ ಅಂತ ಗೊತ್ತಾಗುವುದು ಹೇಗೆ? ತೊಳೆಯೋಕೆ ವಿನೆಗರ್ ಆಗುತ್ತಾ?

ಉತ್ತರ 1:
ವಿನೆಗರ್ ಬೇಡವೇ ಬೇಡ. ಚಿಪ್ಪು, ಹವಳ, ಹುಳು ಸುರಿಸಿದ ಅಂಟು ಎಲ್ಲವೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ಎಲ್ಲವನ್ನೂ ಕರಗಿಸುತ್ತದೆ. ಸಿಹಿನೀರಲ್ಲಿ ನೆನೆಸಿ, ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಿ, ನೆರಳಲ್ಲಿ ಪೂರ್ತಿ ಒಣಗಿಸಿ.

ಈಗ ಶಂಖ ಕಳಚಿದ ಜಾಗ ನೋಡಿ. ಹುಳು ವಸ್ತುವನ್ನು ಕೂರಿಸುವುದು ಚಿಪ್ಪು ಬೆಳೆಯುತ್ತಿರುವ ಬಾಯಂಚಿನಲ್ಲಿ. ಆಮೇಲೆ ಚಿಪ್ಪು ಅದರ ಸುತ್ತಲೇ ಬೆಳೆಯುತ್ತದೆ. ಹಾಗಾಗಿ ಅಸಲಿ ತುಣುಕು ಬಿದ್ದರೆ ಅದರ ಆಕಾರದ್ದೇ ಗುಳಿ ಉಳಿಯುತ್ತದೆ. ಗುಳಿಯಿಲ್ಲದ ನುಣುಪು ಮೈಮೇಲೆ ಕೂತಿತ್ತು ಅಂದರೆ ಆಮೇಲೆ ಅಂಟಿಸಿದ್ದು. ಸಾಲನ್ನೂ ಗಮನಿಸಿ: ತುಣುಕುಗಳು ಸುರುಳಿಯ ಅಂಚು ಹಿಡಿದೇ ಹೋಗುತ್ತವೆ, ತುದಿಯ ಹತ್ತಿರ ಪುಟ್ಟವು, ಕೆಳಗೆ ಬರುತ್ತ ದೊಡ್ಡವು.

ಉತ್ತರ 2:
ದಿಕ್ಕೂ ಸುಳಿವು ಕೊಡುತ್ತದೆ. ಕಪ್ಪೆಚಿಪ್ಪುಗಳನ್ನು ಹುಳು ಸಾಮಾನ್ಯವಾಗಿ ಒಳಮೈ ಮೇಲೆ ಕಾಣುವಂತೆ ಕೂರಿಸುತ್ತದೆ, ಉದ್ದನೆಯ ಶಂಖಗಳನ್ನು ಹೊರಕ್ಕೆ ಚಾಚುವಂತೆ. ನೇರಳಾತೀತ ಟಾರ್ಚ್ ಹಾಯಿಸಿದರೆ ಅನೇಕ ಕೃತಕ ಅಂಟುಗಳು ಹೊಳೆಯುತ್ತವೆ. ಆದರೆ ಕೆಲವು ಚಿಪ್ಪುಗಳೂ ಹೊಳೆಯುತ್ತವೆ, ಅದೊಂದನ್ನೇ ನಂಬಬೇಡಿ. ಇದೇ ಕುಟುಂಬದ, ಸೂರ್ಯನ ಕಿರಣಗಳಂತೆ ಮುಳ್ಳು ಚಾಚಿದ ಸ್ಟೆಲಾರಿಯಾ ಸೊಲಾರಿಸ್ ಮೈತುಂಬ ಶಂಖ ಹೊತ್ತಿದ್ದರಂತೂ ಖಂಡಿತ ಅನುಮಾನಿಸಿ. ಆ ಜಾತಿಯಲ್ಲಿ ತುಣುಕುಗಳು ಏನಿದ್ದರೂ ತುದಿಯ ಹತ್ತಿರದ, ಎಳವೆಯಲ್ಲಿ ಬೆಳೆದ ಸುರುಳಿಗಳಲ್ಲಿ ಮಾತ್ರ.

ಉತ್ತರ 3:
ಹುಳು ಇವನ್ನೆಲ್ಲ ಯಾಕೆ ಅಂಟಿಸಿಕೊಳ್ಳುತ್ತದೆ ಅಂದರೆ, ಮರೆಮಾಚಿಕೊಳ್ಳಲು ಅಂತ ಎಲ್ಲರೂ ಒಂದೇ ಮಾತಲ್ಲಿ ಮುಗಿಸುತ್ತಾರೆ. ಪ್ಯಾಲಿಡುಲಾ ಬದುಕುವ ಆಳದಲ್ಲಿ ಬೆಳಕೇ ಕಮ್ಮಿ, ಆ ವಿವರಣೆಯೊಂದೇ ಸಾಲದು. ತೆಳು ಚಿಪ್ಪಿಗೆ ಬಲ, ಮೆತ್ತನೆಯ ಕೆಸರಲ್ಲಿ ಹೂಳದಂತೆ ಆಸರೆ, ಎರಡನ್ನೂ ಸೇರಿಸಿ. ಕೆಲಸವೂ ನಿಧಾನ: ವಸ್ತುವನ್ನು ಶುಚಿ ಮಾಡಿ, ಅಂಚಿಗೆ ಹಿಡಿದು, ಅಂಟು ಗಟ್ಟಿಯಾಗುವವರೆಗೆ ಗಂಟೆಗಟ್ಟಲೆ ಅಲುಗಾಡದೆ ಇರುತ್ತದೆ.

ಕಳಚಿದ್ದನ್ನು ಕೂರಿಸಲು ಸೂಪರ್ ಗ್ಲೂ ಬೇಡ. ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಅಕ್ರಿಲಿಕ್ ರಾಳ ಪ್ಯಾರಲಾಯ್ಡ್ ಬಿ-72 ಅನ್ನು ಅಸಿಟೋನ್‌ನಲ್ಲಿ ಕರಗಿಸಿ ಬಳಸಿ: ಗುಳಿಗೆ ಒಂದೇ ಹನಿ, ಹಳೆಯ ದಿಕ್ಕಿಗೆ ಹೊಂದಿಸಿ ಒತ್ತಿ. ಬೇಡವಾದರೆ ಅಸಿಟೋನ್ ಹಚ್ಚಿ ಬಿಡಿಸಬಹುದು. ಇನ್ನು ಓಕ್ ಮರದ ಪೆಟ್ಟಿಗೆಯಲ್ಲಿ ಇಡಬೇಡಿ, ಮರದಿಂದ ಹೊಮ್ಮುವ ಆಮ್ಲದ ಆವಿಗೆ ಚಿಪ್ಪಿನ ಮೇಲೆ ಬಿಳಿ ಪುಡಿ ಏಳುತ್ತದೆ.