ದೊಡ್ಡಪ್ಪ ಕಳಿಸಿದ 12,000 ದಿರ್ಹಮ್

ಭಾನುವಾರ ಬೆಳಿಗ್ಗೆ ಏಳಕ್ಕೆ, ಸುಭಾಷಿತ ಬರಬೇಕಾದ ಹೊತ್ತಿಗೆ, ನಮ್ಮ ಮನೆ ಗುಂಪಿಗೆ ಒಂದು ಚಿತ್ರ ಬಂತು. ಬುರ್ಜ್ ಖಲೀಫಾ, ಪಕ್ಕದಲ್ಲಿ ಕನ್ನಡಕ ಹಾಕಿದ ಟೀಚರ್. ‘ದುಬೈಗೆ ವಿಜ್ಞಾನ ಶಿಕ್ಷಕರು ಬೇಕು. ಪದವಿ ಸಾಕು. ತಿಂಗಳಿಗೆ 12,000 ದಿರ್ಹಮ್. ಕೆಲವೇ ಸೀಟು ಬಾಕಿ.’

ದೊಡ್ಡಪ್ಪ: ಮೇಘಾ, ನೋಡಮ್ಮ. ದಿರ್ಹಮ್‌ಗೆ 23 ರೂಪಾಯಿ ಹಿಡಿದರೂ 2,76,000 ಆಗುತ್ತದೆ. ಎಂ.ಎಸ್ಸಿ. ಕೆಮಿಸ್ಟ್ರಿ, ಬಿ.ಎಡ್. ಮಾಡಿಕೊಂಡು ತುಮಕೂರಿನಲ್ಲಿ 30 ಸಾವಿರಕ್ಕೆ ಎಷ್ಟು ದಿನ ಪಾಠ ಮಾಡುತ್ತೀಯಾ?

ಅಮ್ಮ: ನಾನೂ ಅದನ್ನೇ ಹೇಳುವುದು ಭಾವ. ಇವಳು ಕೇಳಬೇಕಲ್ಲ.

ಪ್ರಸನ್ನಣ್ಣ: ಅಪ್ಪ, ‘ಸೀಟು ಬಾಕಿ’ ಅನ್ನಲು ಇದೇನು ಬಸ್ಸಾ?

ದೊಡ್ಡಪ್ಪ: ನಿನಗೆ ಎಲ್ಲದರಲ್ಲೂ ಕೊಂಕು. ನಮ್ಮ ಸುಧಾ ಒಂಬತ್ತು ವರ್ಷದಿಂದ ಶಾರ್ಜಾದಲ್ಲಿ ಫಿಸಿಕ್ಸ್ ಹೇಳುತ್ತಿಲ್ಲವಾ? ಅವಳನ್ನೇ ಕೇಳು.

ಸುಧಾ ಅತ್ತಿಗೆ ಈ ಗುಂಪಿನಲ್ಲಿ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕುವುದು ಬಿಟ್ಟರೆ ಮಾತಾಡುವವರಲ್ಲ. ಮಾವನ ಮಾತಿಗೆ ಎದುರಾಡಿದ್ದನ್ನಂತೂ ನಾನು ನೋಡಿಲ್ಲ. ‘ಟೈಪಿಂಗ್’ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಹತ್ತು ನಿಮಿಷವಾದರೂ ಹಿಡಿದಿರಬೇಕು.

ಸುಧಾ ಅತ್ತಿಗೆ: ಮಾವ, ಬೇಜಾರು ಮಾಡಿಕೊಳ್ಳಬೇಡಿ. 2016ರಲ್ಲಿ ಸೇರಿದಾಗ ನನಗೆ 3,200 ದಿರ್ಹಮ್ ಇತ್ತು. ಈಗ 5,400. ನೀವು ಊರಲ್ಲಿ ‘ಸೊಸೆಗೆ ಎರಡು ಲಕ್ಷ’ ಎಂದು ಹೇಳಿದಾಗಲೆಲ್ಲ ಸುಮ್ನೆ ನಕ್ಕಿದ್ದೇನೆ.

ದೊಡ್ಡಪ್ಪ: ಹಾಗಾದರೆ ಇದು ಸುಳ್ಳಾ?

ಸುಧಾ ಅತ್ತಿಗೆ: ಪೂರ್ತಿ ಸುಳ್ಳಲ್ಲ ಮಾವ. ಬ್ರಿಟಿಷ್ ಸಿಲಬಸ್ ಶಾಲೆಗಳಲ್ಲಿ ಅಷ್ಟು ಕೊಡುತ್ತಾರೆ. ಎಷ್ಟೋ ಕಡೆ ಮನೆಯೂ ಕೊಡುತ್ತಾರೆ. ಆದರೆ ಅವರು ಕೇಳುವುದು ಇಂಗ್ಲೆಂಡಿನ ಟೀಚರ್ ಅರ್ಹತೆ, ಐಜಿಸಿಎಸ್‌ಇ, ಅಂದರೆ ಅವರ ಹತ್ತನೇ ತರಗತಿ ಮಟ್ಟದ ಪರೀಕ್ಷೆಗೆ ಪಾಠ ಹೇಳಿದ ಅನುಭವ. ನಮ್ಮ ಬಿ.ಎಡ್.ನವರನ್ನು ಕರೆಯುವುದು ಹೆಚ್ಚಾಗಿ ಸಿಬಿಎಸ್‌ಇ ಶಾಲೆಗಳು. ಅಲ್ಲಿ ಓದುವವರು ನಮ್ಮಂಥವರ ಮಕ್ಕಳೇ. ಫೀಸು ಜಾಸ್ತಿ ಮಾಡಿದರೆ ಯಾರೂ ಬರುವುದಿಲ್ಲ. ಫೀಸು ಕಡಿಮೆ ಇದ್ದ ಮೇಲೆ ಸಂಬಳ ಎಲ್ಲಿಂದ ಬರಬೇಕು? ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಗಂಡನ ವೀಸಾದಲ್ಲಿ ಬಂದು ಕೆಲಸ ಹುಡುಕುವ ನನ್ನಂಥ ಎಂ.ಎಸ್ಸಿ.ಗಳು ಇಲ್ಲಿ ಬೇಕಾದಷ್ಟಿದ್ದಾರೆ. ನಮಗೆ ರೂಮು ಕೊಡಬೇಕಿಲ್ಲ. ಕಡಿಮೆ ಕೊಟ್ಟರೂ ಬೇಡ ಎನ್ನುವುದಿಲ್ಲ. ಎರಡು ಶಾಲೆಗೂ ಒಂದೇ ಗೋಡೆ, ಒಂದೇ ಪೀರಿಯಾಡಿಕ್ ಟೇಬಲ್. ಸಂಬಳ ಮಾತ್ರ ಮೂರು ಪಟ್ಟು ಹೆಚ್ಚು ಕಡಿಮೆ.

ಇಷ್ಟಾದ ಮೇಲೆ ಮುಚ್ಚಿಡುವುದರಲ್ಲಿ ಅರ್ಥ ಇರಲಿಲ್ಲ.

ನಾನು: ನನಗೆ ಒಂದು ಆಫರ್ ಬಂದಿದೆ. ಶಾರ್ಜಾ ಪಕ್ಕದ ಅಜ್ಮಾನ್‌ನಲ್ಲಿ ಸಿಬಿಎಸ್‌ಇ ಶಾಲೆ. 3,500. ರೂಮಿನ ಖರ್ಚು ನಮ್ಮದೇ. ಏಪ್ರಿಲ್‌ಗೆ ಸೇರಬೇಕು.

ಅಮ್ಮ: ಏನು? ಯಾವಾಗ ಬಂತು?

(ಅಮ್ಮ ಅಡುಗೆಮನೆಯಲ್ಲಿದ್ದಳು, ನಾನು ಹಾಲ್‌ನಲ್ಲಿ. ಆದರೂ ಗುಂಪಿನಲ್ಲೇ ಕೇಳಿದಳು.)

ಪ್ರಸನ್ನಣ್ಣ: ಲೆಕ್ಕ ಹಾಕೋಣ. ಹಂಚಿಕೊಂಡ ರೂಮಿಗೆ 1,200, ಊಟಕ್ಕೆ 600, ಫೋನು, ಓಡಾಟ 300. ಉಳಿಯುವುದು 1,400. ಅಂದರೆ 32,200 ರೂಪಾಯಿ. ಇಲ್ಲಿ ಸಿಗುವುದೇ ಹೆಚ್ಚುಕಡಿಮೆ ಅಷ್ಟು! ಅದಕ್ಕೆ ಸಮುದ್ರ ದಾಟಬೇಕಾ?

ಅಮ್ಮ: ಅಲ್ಲ ಪ್ರಸನ್ನ, ಇಲ್ಲಿನದು ಸಂಬಳ, ಅಲ್ಲಿನದು ಉಳಿತಾಯ. ಎರಡೂ ಒಂದೇನಾ? ಇವಳು ಈಗ ತಿಂಗಳ ಕೊನೆಗೆ ಎಷ್ಟು ಉಳಿಸುತ್ತಾಳೆ ಕೇಳು. ಸ್ಕೂಟಿ ಕಂತೇ ನಾಲ್ಕು ಸಾವಿರ.

ಸಾಫ್ಟ್‌ವೇರಿನವನ ಲೆಕ್ಕದಲ್ಲಿದ್ದ ತಪ್ಪನ್ನು ಹಿಡಿದವಳು ಅಮ್ಮ. ನಾನು ಎರಡು ವಾರದಿಂದ ಅದೇ ಲೆಕ್ಕ ಹಾಕಿ ಅದೇ ಜಾಗದಲ್ಲಿ ಎಡವಿದ್ದೆ.

ಪ್ರಸನ್ನಣ್ಣ: ಹೋಗುವುದಾದರೆ ಇಂಗ್ಲೆಂಡಿಗೇ ಹೋಗಲಿ ಚಿಕ್ಕಮ್ಮ. 2023ರ ಫೆಬ್ರವರಿಯಿಂದ ಭಾರತದ ಗಣಿತ, ವಿಜ್ಞಾನದ ಟೀಚರುಗಳೂ ಅಲ್ಲಿನ ಟೀಚರ್ ಅರ್ಹತೆಯಾದ ಕ್ಯೂಟಿಎಸ್‌ಗೆ ಅರ್ಜಿ ಹಾಕಬಹುದು. ಸಂಬಳವನ್ನು ಸರ್ಕಾರವೇ ಪ್ರಕಟಿಸುತ್ತದೆ. 2025ರ ಸೆಪ್ಟೆಂಬರಿನಿಂದ ಲಂಡನ್ ಸುತ್ತಮುತ್ತ ಬಿಟ್ಟು ಉಳಿದ ಕಡೆ ಸರ್ಕಾರಿ ಶಾಲೆಗೆ ಸೇರುವವರಿಗೆ ವರ್ಷಕ್ಕೆ ಕನಿಷ್ಠ 32,916 ಪೌಂಡ್.

ನಾನು: ಅದನ್ನೂ ನೋಡಿದ್ದೇನೆ ಅಣ್ಣ. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್, ಪಿಂಚಣಿ ಎಲ್ಲ ಕಳೆದರೆ ಕೈಗೆ ತಿಂಗಳಿಗೆ 2,100 ಪೌಂಡ್ ಆಸುಪಾಸು. ಬಾಡಿಗೆ ಅದರಲ್ಲೇ. ವೀಸಾಕ್ಕೆ ಹಾಕುವಾಗ ಆರೋಗ್ಯ ಶುಲ್ಕ ಅಂತ ವರ್ಷಕ್ಕೆ 1,035 ಪೌಂಡ್ ಕಟ್ಟಬೇಕು. ಮೂರು ವರ್ಷದ ವೀಸಾ ಆದರೆ ಮೂರೂ ವರ್ಷದ್ದು ಒಟ್ಟಿಗೆ, ಮುಂಚೆಯೇ. ಅಷ್ಟು ದುಡ್ಡು ಯಾರು ಕೊಡುತ್ತಾರೆ, ನೀನು ಕೊಡುತ್ತೀಯಾ?

ಪ್ರಸನ್ನಣ್ಣ ಹೆಬ್ಬೆರಳು ಒತ್ತಿದ. ಅದು ಒಪ್ಪಿಗೆಯೋ ಅಲ್ಲವೋ ಇನ್ನೂ ತಿಳಿದಿಲ್ಲ.

ಸುಧಾ ಅತ್ತಿಗೆ: ಮೇಘಾ, 3,500ರಲ್ಲಿ ಬೇಸಿಕ್ ಎಷ್ಟು?

ನಾನು: 1,800. ಉಳಿದದ್ದು ಅಲೋವೆನ್ಸ್.

ಸುಧಾ ಅತ್ತಿಗೆ: ಅಲ್ಲೇ ಇರುವುದು ನೋಡು. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ್ದು. 1,800ಕ್ಕೆ ವರ್ಷಕ್ಕೆ 1,260 ಬರುತ್ತದೆ. ಪೂರ್ತಿ 3,500 ಬೇಸಿಕ್ ಆಗಿದ್ದರೆ 2,450. ಐದು ವರ್ಷಕ್ಕೆ ಹತ್ತಿರ ಹತ್ತಿರ ಆರು ಸಾವಿರ ದಿರ್ಹಮ್ ಖೋತಾ. ಒಟ್ಟು ಸಂಬಳ ಏರಿಸಿ ಎಂದರೆ ಆಗುವುದಿಲ್ಲ ಅನ್ನುತ್ತಾರೆ. ಬೇಸಿಕ್ ಏರಿಸಿ ಎಂದು ಕೇಳಿ ನೋಡು. ಜುಲೈ, ಆಗಸ್ಟ್ ರಜೆಗೆ ಸಂಬಳ ಇದೆಯಾ ಅಂತಲೂ ಕೇಳು. ನನಗೆ ಮೊದಲ ವರ್ಷ ಕೊಡಲಿಲ್ಲ. ನಾನು ಕೇಳಿರಲೂ ಇಲ್ಲ. ಡಿಗ್ರಿ ಅಟೆಸ್ಟೇಶನ್ ಖರ್ಚು ಯಾರದ್ದು? ಯುಎಇಗೆ ಅಪೊಸ್ಟಿಲ್ ಎಂಬ ಒಂದೇ ಮುದ್ರೆ ಸಾಲುವುದಿಲ್ಲ. ರಾಜ್ಯದ್ದು, ವಿದೇಶಾಂಗ ಸಚಿವಾಲಯದ್ದು, ಅವರ ಎಂಬೆಸಿಯದ್ದು, ಇಷ್ಟೂ ಮುದ್ರೆ ಬೀಳಬೇಕು.

ಪ್ರಸನ್ನಣ್ಣ: ಅಪ್ಪ, ನಿಮ್ಮ ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ‘ಸೇವಾ ಶುಲ್ಕ 2 ಲಕ್ಷ’ ಎಂದಿದೆ, ಓದಿದಿರಾ? ಏಜೆಂಟರು 30 ಸಾವಿರ, ಅದರ ಮೇಲೆ ಜಿಎಸ್‌ಟಿ, ಅಷ್ಟಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಏಜೆಂಟರ ಪಟ್ಟಿ ಇರುವ ಸರ್ಕಾರಿ ಜಾಲತಾಣ ಇ-ಮೈಗ್ರೇಟ್‌ನಲ್ಲಿ ಹುಡುಕೋಣ ಎಂದರೆ ಲೈಸೆನ್ಸ್ ನಂಬರೇ ಹಾಕಿಲ್ಲ.

ದೊಡ್ಡಪ್ಪ: ಸರಿ, ಕಳಿಸಿದ್ದೇ ತಪ್ಪಾಯಿತು ಬಿಡಿ.

ಚಿತ್ರ ಇದ್ದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದು ಬಂತು. ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

ನಾನು: ದೊಡ್ಡಪ್ಪ, ಯಾಕೆ ಅಳಿಸಿದಿರಿ? ಅದರಲ್ಲಿ ಫೋನ್ ನಂಬರ್ ಇತ್ತಲ್ಲ, ಲೈಸೆನ್ಸ್ ಕೇಳೋಣ ಎಂದುಕೊಂಡಿದ್ದೆ. ನಿಮಗೆ ಕಳಿಸಿದ್ದು ಯಾರು?

ದೊಡ್ಡಪ್ಪ: ನಮ್ಮೂರಿನ ಡೈರಿ ಸೆಕ್ರೆಟರಿ. ಅವನ ಮಗಳು ಬಿ.ಎಸ್ಸಿ. ಮಾಡಿದ್ದಾಳೆ. ಮೊನ್ನೆ 50 ಸಾವಿರ ಮುಂಗಡ ಕಟ್ಟಿ ಬಂದರಂತೆ.

ಸುಧಾ ಅತ್ತಿಗೆ: ಅಯ್ಯೋ. ಮಾವ, ಅವರ ನಂಬರ್ ಕೊಡಿ. ಮಿಕ್ಕಿದ್ದು ಕಟ್ಟುವ ಮೊದಲು ನಾನೇ ಮಾತಾಡುತ್ತೇನೆ.

ಐದು ನಿಮಿಷ ಬಿಟ್ಟು ನಂಬರ್ ಬಂತು. ಅದರ ಹಿಂದೆಯೇ ಇನ್ನೊಂದು.

ದೊಡ್ಡಪ್ಪ: ಎಲ್ಲ ಹೇಳಮ್ಮ. ನಿನ್ನ ಸಂಬಳ ಎಷ್ಟು ಅಂತ ಮಾತ್ರ ಹೇಳಬೇಡ.