ಕೊಳೆತದ್ದೇ, ಕಳಿತದ್ದೇ?

ಪದಪ್ರಿಯರೇ,

ಮಿದುಳು ದಾನದ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸತ್ತ ಮೇಲೆ ಮಿದುಳಿನ ಕೋಶಗಳು ಕೊಳೆಯುತ್ತವೆ’ ಎಂದು ಬರೆದು ಮುಂದೆ ಹೋಗಿದ್ದೆ. ಮತ್ತೆ ಓದಿದಾಗ ಆ ಕ್ರಿಯಾಪದ ಹಲ್ಲಿಗೆ ಸಿಕ್ಕ ಕಲ್ಲಿನಂತಾಯಿತು.

ಕೊಳೆಯಬೇಕಾದರೆ ಸೂಕ್ಷ್ಮಜೀವಿಗಳ ಕೈವಾಡ ಬೇಕು. ಮಿದುಳಿನಲ್ಲಿ ಮೊದಲು ನಡೆಯುವುದು ಅದಲ್ಲ. ರಕ್ತ ಹರಿಯುವುದು ನಿಂತ ನಾಲ್ಕೈದು ನಿಮಿಷಗಳಲ್ಲೇ ನರಕೋಶಗಳಿಗೆ ಪೆಟ್ಟು ಬೀಳುತ್ತದೆ. ಆಮೇಲೆ ಕೋಶದೊಳಗೆ ಲೈಸೋಸೋಮ್ ಎಂಬ ಪುಟ್ಟ ಚೀಲಗಳಲ್ಲಿದ್ದ ಕಿಣ್ವಗಳು ಹೊರಬಿದ್ದು, ತಮ್ಮನ್ನು ಸಾಕಿದ ಕೋಶವನ್ನೇ ಕರಗಿಸುತ್ತವೆ. ‘ಆಟೋಲಿಸಿಸ್’ ಎಂದರೆ ಇದೇ. ‘ಸ್ವವಿಲಯನ’ ಎನ್ನಬಹುದು, ಆದರೆ ಅದು ಓದುಗರ ನಾಲಿಗೆಗೆ ಒಗ್ಗುವ ಮಾತಲ್ಲ.

ಅಡುಗೆಮನೆಯ ಬಾಳೆಗೊನೆ ನೋಡುತ್ತಿದ್ದಾಗ ‘ಕಳಿ’ ಹೊಳೆಯಿತು. ಕಳಿತ ಹಣ್ಣು ಕೊಳೆತ ಹಣ್ಣಲ್ಲ. ಹುಳ ಮುಟ್ಟಿಲ್ಲ, ಬೂಸಲು ಬಂದಿಲ್ಲ. ತನ್ನೊಳಗಿನ ಕಿಣ್ವಗಳಿಂದಲೇ ಮೆತ್ತಗಾಗಿ, ಸಿಪ್ಪೆ ಹಿಡಿದರೆ ತಿರುಳು ಜಾರುತ್ತದೆ. ಅಂಗಗಳು ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣಕ್ಕೆ ಹಾಕಲು ತಡವಾದ ಮಿದುಳೂ ಹಾಗೆಯೇ ಮೆತ್ತಗಾಗುತ್ತದೆ. ‘ಕೋಶಗಳು ಕಳಿಯುತ್ತವೆ’ ಎಂದರೆ ಹೇಗೆ? ಒಂದೇ ಅಪಾಯ: ಕರಡು ತಿದ್ದಿದವರು ‘ಕಳಿತ ನರಕೋಶ’ವನ್ನು ‘ಕಲಿತ ನರಕೋಶ’ ಮಾಡಿ ಕಳುಹಿಸಿದರು. ಮಿದುಳಿನ ವಿಷಯವಾದ್ದರಿಂದ ಅದಕ್ಕೂ ಅರ್ಥ ಹುಟ್ಟಿಬಿಟ್ಟಿತು!

ದೀರ್ಘ ಕಾಯಿಲೆಗೆ ಮಾತ್ರ ಬೇರೆ ಪದ ಬೇಕು. ಅಲ್ಜೈಮರ್‌ನಲ್ಲಿ ಕೋಶಗಳು ವರ್ಷಗಟ್ಟಲೆ ಬದುಕಿದ್ದೇ ಕುಗ್ಗುತ್ತವೆ. ಅದಕ್ಕೆ ‘ಸೊರಗು’ ಸಾಕು ಎನ್ನುವುದು ನನ್ನ ಅಭಿಪ್ರಾಯ; ‘ಕ್ಷಯ’ ಎಂದರೆ ಓದುಗರ ಮನಸ್ಸು ನೇರ ಶ್ವಾಸಕೋಶಕ್ಕೆ ಓಡುತ್ತದೆ. ಇನ್ನೊಂದು ಪದವೂ ಕಾಡುತ್ತಿದೆ. ಬಹುಕಾಲ ನರಳಿ, ಉಸಿರಿಗೆ ಒದ್ದಾಡಿ ಸತ್ತವರ ಮಿದುಳಿನಲ್ಲಿ ಸಾವಿಗೆ ಮೊದಲೇ ಲ್ಯಾಕ್ಟಿಕ್ ಆಮ್ಲ ಸೇರಿಕೊಂಡಿರುತ್ತದೆ. ಹಠಾತ್ತನೆ ಸತ್ತವರಲ್ಲಿ ಅಷ್ಟು ಇರುವುದಿಲ್ಲ. ಆ ಕೊನೆಯ ಹೊತ್ತಿಗೆ ಮೂಲದಲ್ಲಿ ‘ಅಗೋನಲ್’ ಎಂದಿದೆ. ನಮ್ಮ ‘ಮೇಲುಸಿರು’ ಇರುವಾಗ ‘ಮರಣಪೂರ್ವಾವಸ್ಥೆ’ ಯಾಕೆ?

ಕೋಶ ತಾನಾಗಿ ಕ್ರಮಬದ್ಧವಾಗಿ ಸಾಯುವುದಕ್ಕೆ 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ವಿಜ್ಞಾನಿಗಳು ಕೊಟ್ಟ ಹೆಸರು ‘ಅಪಾಪ್ಟೋಸಿಸ್’. ಎಲೆ ಉದುರುವುದಕ್ಕೆ ಇದ್ದ ಗ್ರೀಕ್ ಪದವದು. ‘ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತು’ ಎನ್ನುವ ನಮಗೆ ಅದನ್ನು ‘ಕೋಶ ಉದುರುವಿಕೆ’ ಎನ್ನಲು ಕಷ್ಟವೇನು?

ನನ್ನ ಪ್ರಶ್ನೆ ‘ಕಳಿ’ಯದ್ದೇ. ನಿಮ್ಮ ಕಡೆ ಹಣ್ಣು ಬಿಟ್ಟು ಬೇರೆ ಯಾವುದಕ್ಕಾದರೂ ‘ಕಳಿತಿದೆ’ ಎನ್ನುತ್ತಾರೆಯೇ? ಮಾಂಸ, ಗಾಯ, ಹುಣ್ಣು? ತೀರಿಕೊಂಡವರ ಮನೆಯವರು ಓದುವ ಬರಹವಿದು. ಆ ಮಾತು ಅವರಿಗೆ ಒರಟಾಗಿ ಕೇಳಿಸೀತೇ?